ಹೊಗೆಯಿಲ್ಲದ ಬಿಸಿ: ಸೈರಾಕಾನ್ ಮನೆಗೆ ಮರಳಿದ ಚಳಿಗಾಲ

ಒಗೆದು ಹಗ್ಗಕ್ಕೆ ಹಾಕಿದ ಬಿಳಿ ಬಟ್ಟೆ ಸಂಜೆಯೊಳಗೆ ಬೂದಿ ಬಣ್ಣಕ್ಕೆ ತಿರುಗಿದರೆ ನಮ್ಮೂರಿನಲ್ಲಿ ಚಳಿಗಾಲ ಬಂತು ಎಂದೇ ಅರ್ಥ. ನಮ್ಮ ದಿಬ್ಬದ ಮೇಲೆ ನಿಂತರೆ ನಮ್ಮ ರಾಜಧಾನಿ ಬಿಷ್ಕೆಕ್ ಪಟ್ಟಣ ಕಾಣಬೇಕು. ಚಳಿಗಾಲದಲ್ಲಿ ಪಕ್ಕದ ಬೀದಿಯೂ ಕಾಣುವುದಿಲ್ಲ. ಮನೆಮನೆಯ ಹೊಗೆಗೂಡಿನಿಂದಲೂ ಕಲ್ಲಿದ್ದಲ ಹೊಗೆ ಎದ್ದು, ಮೇಲೆ ಹೋಗಲಾರದೆ ಅಂಗಳದಲ್ಲೇ ಕೂತುಬಿಡುತ್ತದೆ.

ಈ ಹೊಗೆಯಿಂದ ತೆಮಿರ್ಕುಲ್ ಅವರ ಮನೆ ಒಂದು ಚಳಿಗಾಲ ಒಡೆದುಹೋಗುವುದರಲ್ಲಿತ್ತು. ಜಗಳವಾಗಿ ಅಲ್ಲ, ಕೆಮ್ಮಿನಿಂದ.

ತೆಮಿರ್ಕುಲ್ ಪ್ರಾಯದಲ್ಲಿ ಬಾಡಿಗೆ ವ್ಯಾನು ಓಡಿಸುತ್ತಿದ್ದವರು. ಅವರ ಹೆಂಡತಿ ಸೈರಾಕಾನ್ ಕುರಿಯ ಉಣ್ಣೆ ತುಳಿದು, ಬಣ್ಣ ಕಟ್ಟಿ, ಚಿತ್ತಾರ ಹೊಲಿದು ಶಿರ್ದಕ್ ಎನ್ನುವ ನೆಲಹಾಸು ಮಾಡುವವರು. ಮಗ ನೂರ್ದಿನ್, ಸೊಸೆ ಐಜಿರೆಕ್ ಜೊತೆಗೇ ಇದ್ದರು. ಮನೆಯ ನಡುಕೋಣೆಯಲ್ಲಿ ಒಂದು ದೊಡ್ಡ ಕಲ್ಲಿದ್ದಲ ಒಲೆ. ಮದುವೆಯಾದ ವರ್ಷ ತೆಮಿರ್ಕುಲ್ ತಮ್ಮ ಕೈಯಾರೆ ಇಟ್ಟಿಗೆ ಜೋಡಿಸಿ ಕಟ್ಟಿದ್ದು. ಆ ಒಲೆಯ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ತಮ್ಮ ಮೀಸೆಯ ಬಗ್ಗೆ ಮಾತಾಡಿದಷ್ಟೇ ಸಿಟ್ಟು ಅವರಿಗೆ.

ಆ ವರ್ಷ ಶರತ್ಕಾಲದಲ್ಲೇ ಸೈರಾಕಾನ್‌ಗೆ ಉಸಿರು ಕಟ್ಟತೊಡಗಿತು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯಬೇಕು. ಆಸ್ಪತ್ರೆಯ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ತೆಮಿರ್ಕುಲ್ ಕಡೆ ತಿರುಗಿ ನೇರವಾಗಿಯೇ ಹೇಳಿದರು.

"ಇನ್ನೊಂದು ಚಳಿಗಾಲ ಇವರು ಕಲ್ಲಿದ್ದಲ ಹೊಗೇಲಿ ಕೂತ್ರೆ ಈ ಎದೆ ತಡೆಯಲ್ಲ. ಒಲೆ ಬಿಡಿ, ಇಲ್ಲಾ ಇವರನ್ನ ಬೇರೆ ಕಡೆ ಕಳಿಸಿ."

ಒಲೆ ಬಿಟ್ಟರೆ ಮನೆ ಹೆಪ್ಪುಗಟ್ಟುತ್ತದೆ. ಹಾಗಾಗಿ ಸೈರಾಕಾನ್ ಹೊರಟರು, ಪರ್ವತದಾಚೆ ತೊಕ್ತೊಗುಲ್‌ನಲ್ಲಿ ಮಗಳ ಮನೆಗೆ. ಗಾಡಿ ಹತ್ತುವಾಗ ಗಂಡನ ಟೋಪಿ ಸರಿಮಾಡಿ, "ಮಾಂಸದ ಸಾರು ತಣ್ಣಗೆ ಕುಡೀಬೇಡಿ. ವಸಂತಕ್ಕೆ ಬಂದ್ಬಿಡ್ತೀನಿ" ಎಂದರು. ತೆಮಿರ್ಕುಲ್ ಗಾಡಿಯ ಚಕ್ರವನ್ನು ಕಾಲಲ್ಲಿ ಒದ್ದು, "ಗಾಳಿ ಸರಿ ಇದೆ" ಎಂದರು ಅಷ್ಟೆ.

ಆಮೇಲೆ ಅವರು ಚಹಾಕ್ಕೆ ಕೂತರೆ ಅಭ್ಯಾಸಬಲದಿಂದ ಎರಡು ಬಟ್ಟಲಿಗೆ ಸುರಿಯುವರು. ಎರಡನೆಯದು ಹಾಗೇ ಆರುತ್ತಿತ್ತು. ಸೊಸೆ ಐಜಿರೆಕ್ ಇದನ್ನು ನೋಡಿ ನೋಡಿ ತಡೆಯಲಾರದೆ ಪಕ್ಕದ ಮನೆಯ ಊಲ್ಕಾನ್ ಬಳಿ ಹೇಳಿಕೊಂಡು ಅತ್ತಳು.

ಊಲ್ಕಾನ್ ನಮ್ಮೂರ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಟೀಚರಮ್ಮ. ತೆಮಿರ್ಕುಲ್‌ಗೆ ಓರಗೆಯವರು, ಒಂದೇ ಬೆಂಚಿನಲ್ಲಿ ಓದಿದವರು. ಓರಗೆಯವರು ಏನಂದರೂ ಮುನಿಯಬಾರದು ಎನ್ನುವುದು ನಮ್ಮ ಕಡೆಯ ಕಟ್ಟಳೆ. ಊಲ್ಕಾನ್ ಆ ಕಟ್ಟಳೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತಿದ್ದರು. ಮರುದಿನವೇ ಬಂದು ಒಲೆಯ ಮುಂದೆ ಕೂತರು.

"ಏನೋ ತೆಮಿರ್ಕುಲ್, ಹೆಂಡ್ತಿ ಬಿಟ್ಟು ಒಲೆ ಇಟ್ಕೊಂಡ್ಯಂತೆ?"

"ಬಂದ್ಯಾ? ಹೊಗೆ ಸಾಲ್ದು ಅಂತ ನೀನೂ ಬಂದ್ಯಾ?"

"ನಮ್ಮನೇಲಿ ಹೊಗೆ ಇಲ್ಲ ಕಣೋ. ಹೋದ ವರ್ಷದಿಂದ ಬಿಸಿಗಾಳಿ ಯಂತ್ರ ಇದೆ. ಚಳೀಲಿ ಬಿಸಿ ಊದುತ್ತೆ, ಬೇಸಿಗೇಲಿ ತಂಪು ಊದುತ್ತೆ. ಒಂದೇ ಯಂತ್ರ."

"ಗೊತ್ತು ಬಿಡು, ಏಸಿ. ಪಟ್ಟಣದೋರ ಚಾಳಿ. ಕರೆಂಟು ಒಲೆ ತಂದು ನಮ್ಮ ನೂರ್ದಿನ್ ಬಿಲ್ಲು ನೋಡಿ ಬಾಯ್ ಬಾಯ್ ಬಡ್ಕೊಂಡ."

"ಕರೆಂಟು ಒಲೆ ಬೇರೆ, ಇದು ಬೇರೆ. ಅದು ಕರೆಂಟು ಸುಟ್ಟು ಬಿಸಿ ಮಾಡುತ್ತೆ. ಒಂದು ಕೊಟ್ರೆ ಒಂದೇ ಬರುತ್ತೆ. ಇದು ಹೊರಗಿನ ಗಾಳೀಲಿರೋ ಶಾಖಾನ ಎತ್ಕೊಂಡು ಬಂದು ಒಳಗೆ ಹಾಕುತ್ತೆ. ಒಂದು ಕೊಟ್ರೆ ಎರಡು ಮೂರು ಪಟ್ಟು ಬರುತ್ತೆ."

ತೆಮಿರ್ಕುಲ್ ನಗು ತಡೆಯಲಾರದೆ ಕೆಮ್ಮಿದರು. "ಹೊರಗೆ ಮೊಣಕಾಲುದ್ದ ಹಿಮ. ಅದ್ರಿಂದ ಶಾಖ ತೆಗೀತೀಯಾ? ಹಾಗಾದ್ರೆ ಕಲ್ಲಿಂದ ಕುದುರೆ ಹಾಲೂ ಕರೀತೀಯ ನೀನು!"

"ಎದ್ದೇಳು. ನಿನ್ನ ಫ್ರಿಜ್ ಹಿಂದೆ ಕೈ ಇಡು."

ಸೊಸೆಯೆದುರು ಹಿಂಜರಿಯುವುದು ಸರಿಯಲ್ಲ ಎಂದು ತೆಮಿರ್ಕುಲ್ ಎದ್ದು ಕೈ ಇಟ್ಟರು. ಬೆಚ್ಚಗಿತ್ತು.

"ಒಳಗೆ ಮಾಂಸ ಹೆಪ್ಪುಗಟ್ಟಿದೆ, ಹಿಂದೆ ಬಿಸಿ. ಆ ಬಿಸಿ ಎಲ್ಲಿಂದ ಬಂತು? ಮಾಂಸದಿಂದ ಎತ್ತಿ ಹಿಂದಕ್ಕೆ ಹಾಕ್ತಿದೆ. ಇದೂ ಹಾಗೇ. ಚಳಿ ಜಾಸ್ತಿ ಆದ್ರೆ ಸ್ವಲ್ಪ ಹೆಣಗುತ್ತೆ, ಆದ್ರೂ ತರುತ್ತೆ."

ತೆಮಿರ್ಕುಲ್ ಬಹಳ ಹೊತ್ತು ಕೈ ತೆಗೆಯಲೇ ಇಲ್ಲ. ಆಮೇಲೆ ಮೆಲ್ಲಗೆ ಕೇಳಿದರು. "ಅದ್ರಲ್ಲಿ ಹೊಗೆ ಬರಲ್ವಾ? ಒಂಚೂರೂ?"

"ಸುಡೋದೇ ಏನೂ ಇಲ್ಲ ಅಂದ್ಮೇಲೆ ಹೊಗೆ ಎಲ್ಲಿಂದ ಬರುತ್ತೋ?"

ಮರುದಿನ ಬೆಳಿಗ್ಗೆ ತೆಮಿರ್ಕುಲ್ ಶುಭ್ರ ಅಂಗಿ ತೊಟ್ಟು ಬಜಾರಿಗೆ ಹೊರಟೇಬಿಟ್ಟರು. ಊಲ್ಕಾನ್ ಬೆನ್ನಿಗೇ ಹೊರಟರು. ಅಂಗಡಿಯವನು ಒಂದು ಆಳೆತ್ತರದ ಯಂತ್ರ ತೋರಿಸಿದ. "ಅತಾ, ಇದು ಮದುವೆ ಮಂಟಪಕ್ಕೂ ಸಾಕು. ಹಳೇ ಸ್ಟಾಕು, ಅಗ್ಗಕ್ಕೆ ಕೊಡ್ತೀನಿ." ತಂದೆಯನ್ನೂ ಹಿರಿಯರನ್ನೂ ನಾವು ಅತಾ ಎಂದೇ ಕರೆಯುವುದು.

"ದೊಡ್ಡದು, ಅಗ್ಗ! ಕೊಡಪ್ಪ," ಎಂದರು ತೆಮಿರ್ಕುಲ್.

"ತಾಳೋ," ಎಂದರು ಊಲ್ಕಾನ್. "ಶಾಲೆ ಮೊದಲ ದಿನ ನೀನು ನಿಮ್ಮಣ್ಣನ ಬೂಟು ಹಾಕ್ಕೊಂಡು ಬಂದಿದ್ದೆ, ದೊಡ್ಡದಾದ್ರೆ ಒಳ್ಳೇದು ಅಂತ. ದಾರೀಲೇ ಬಿದ್ದು ಹಲ್ಲು ಮುರ್ಕೊಂಡೆ. ಕೋಣೆಗಿಂತ ದೊಡ್ಡ ಯಂತ್ರ ತಂದ್ರೂ ಅದೇ ಪಾಡು. ಕ್ಷಣ ಓಡಿ ನಿಲ್ಲುತ್ತೆ, ಮತ್ತೆ ಓಡುತ್ತೆ, ಕರೆಂಟು ನುಂಗುತ್ತೆ, ಬೇಗ ಕೆಡುತ್ತೆ." ಆಮೇಲೆ ಅಂಗಡಿಯವನನ್ನು ಕೇಳಿದರು. "ಇದು ಇನ್ವರ್ಟರ್ರಾ, ಬೇಕಾದಷ್ಟೇ ವೇಗ ಇಟ್ಕೊಂಡು ನಿಲ್ಲದೆ ಓಡೋದಾ? ಎಷ್ಟು ಚಳಿವರೆಗೆ ಬಿಸಿ ಕೊಡುತ್ತೆ? ಡಬ್ಬದ ಮೇಲೆ ಬರೆದಿರೋದನ್ನ ತೋರ್ಸು, ಬಾಯಲ್ಲಿ ಹೇಳ್ಬೇಡ."

ಡಬ್ಬದ ಮೇಲೆ ಮೈನಸ್ ಏಳು ಎಂದಿತ್ತು. ನಮ್ಮಲ್ಲಿ ಜನವರಿಯಲ್ಲಿ ಮೈನಸ್ ಇಪ್ಪತ್ತು ಮುಟ್ಟುತ್ತದೆ. ಅಂಗಡಿಯವನು ತಲೆ ಕೆರೆದುಕೊಂಡ.

"ಈಗ ನಡಿ ಮನೆಗೆ," ಎಂದರು ಊಲ್ಕಾನ್. "ಯಂತ್ರ ಆಮೇಲೆ. ಮೊದಲು ತೂತು ಮುಚ್ಚೋಣ. ತಳ ಒಡೆದ ಬಕೆಟ್ಟಿಗೆ ಎಷ್ಟು ನೀರು ಸುರಿದ್ರೇನು?"

ಮನೆಗೆ ಬಂದು ಐಜಿರೆಕ್ ಒಂದು ಒಣ ಜುನಿಪರ್ ಕಡ್ಡಿ ಹೊತ್ತಿಸಿ ಕೆಂಡ ಮಾಡಿದಳು. ನಾವು ದೃಷ್ಟಿ ತೆಗೆಯಲು ಮನೆಯಲ್ಲಿ ಹೊಗೆ ಹಿಡಿಯುವ ಕಡ್ಡಿ ಅದು. ಅದನ್ನು ಕಿಟಕಿಯ ಅಂಚಿನಲ್ಲಿ ಮೆಲ್ಲಗೆ ಆಡಿಸಿದಳು. ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆ ಒಂದೆಡೆ ಪಟ್ಟನೆ ಒಳಕ್ಕೆ ಬಾಗಿತು.

"ಅತಾ, ಇಲ್ಲಿ ನೋಡಿ, ಚಳಿಗಾಳಿ ನುಗ್ತಿದೆ. ನಮ್ಮ ಕಲ್ಲಿದ್ದಲೆಲ್ಲ ಈ ಸಂದೀಲೇ ಹೋಗ್ತಿತ್ತು!"

ಬಾಗಿಲ ಬುಡದಲ್ಲಿ ಹೊಗೆ ಮಲಗಿಯೇಬಿಟ್ಟಿತು. ನೂರ್ದಿನ್ ಸಂದುಗೊಂದಿಗೆಲ್ಲ ಪಟ್ಟಿ ಅಂಟಿಸಿದ. ಸೂರಿನ ಕೆಳಗಿನ ಅಟ್ಟ ನೋಡಿದರೆ ಬರಿದು. ಅಲ್ಲಿಗೆ ಏನು ಹಾಸುವುದು ಎಂದು ಚರ್ಚೆ ನಡೆದಾಗ ತೆಮಿರ್ಕುಲ್ ಹೆಂಡತಿಗೆ ಫೋನು ಹಚ್ಚಿದರು.

"ಬೈಬಿಚೆ," ಎಂದರು. ಮನೆಯೊಡತಿಯನ್ನು ನಾವು ಹಾಗೆಯೇ ಕರೆಯುವುದು. "ಅಟ್ಟಕ್ಕೆ ಉಣ್ಣೆ ಹಾಕಬಹುದಾ? ಊರಲ್ಲಿ ಕುರಿ ಉಣ್ಣೆ ಹಳ್ಳಕ್ಕೆ ಎಸೀತಾರೆ, ಕೇಳೋರಿಲ್ಲ."

ಆ ಕಡೆಯಿಂದ ಬಂದ ದನಿಯಲ್ಲಿ ಬಹಳ ದಿನಗಳ ಮೇಲೆ ಹುರುಪಿತ್ತು. "ಹಸಿ ಉಣ್ಣೆ ಹಾಕಿದ್ರೆ ನುಸಿ ಹುಳ ನಿಮ್ಮ ಮೀಸೇನೂ ತಿನ್ನುತ್ತೆ! ಚೆನ್ನಾಗಿ ತೊಳೀರಿ, ಒಣಗಿಸಿ, ಬಿಳಿಗಾರದ ಪುಡಿ ಉದುರಿಸಿ, ಬಿಡಿಬಿಡಿಯಾಗಿ ದಪ್ಪಕ್ಕೆ ಹಾಸಿ. ತುಳೀಬೇಡಿ. ಹೊಗೆಗೂಡಿನ ಸುತ್ತ ಜಾಗ ಬಿಡಿ, ಬೆಂಕಿ ತಗುಲೀತು. ಆದ್ರೆ ಇದೆಲ್ಲ ಯಾಕ್ರೀ ಈಗ?"

"ಯಾಕೂ ಇಲ್ಲ. ಸುಮ್ನೆ ಕೇಳ್ದೆ."

ಅಟ್ಟ ತುಂಬಿತು. ಯಂತ್ರ ಹಾಕುವ ಮೊದಲೇ ಮನೆ ಬದಲಾಯಿತು. ಸಂಜೆ ಹಚ್ಚಿದ ಒಲೆಯ ಬಿಸಿ ಬೆಳಗಿನವರೆಗೂ ಉಳಿಯತೊಡಗಿತು. ಆಮೇಲೆ ಕೋಣೆಯ ಉದ್ದ, ಅಗಲ, ಎತ್ತರ ಅಳೆದುಕೊಂಡು ಹೋಗಿ, ಆ ಅಳತೆಗೆ ತಕ್ಕ ಚಿಕ್ಕದೊಂದು ಇನ್ವರ್ಟರ್ ಯಂತ್ರ ತಂದರು. ಮೈನಸ್ ಇಪ್ಪತ್ತರಲ್ಲೂ ಬಿಸಿ ಕೊಡುವಂಥದ್ದು, ಕರೆಂಟು ಕಡಿಮೆ ತಿನ್ನುತ್ತದೆ ಎಂದು ಡಬ್ಬದ ಮೇಲೆ ಮುದ್ರಿಸಿದ್ದು. ಮನೆಗೆಲ್ಲ ಬೇಡ, ಎಲ್ಲರೂ ಕೂರುವ ಮಲಗುವ ನಡುಕೋಣೆಗೆ ಮಾತ್ರ. ಅಂಗಡಿಯ ಹಳೇ ಸ್ಟಾಕಿಗಿಂತ ಕೊಂಚ ದುಬಾರಿಯಾಯಿತು. ಅದು ಎರಡು ಮೂರು ಚಳಿಗಾಲದಲ್ಲಿ ಉಳಿಯುವ ಕಲ್ಲಿದ್ದಲ ದುಡ್ಡಿನಲ್ಲಿ ತೀರಿಹೋಗುತ್ತದೆ ಎಂದರು ಊಲ್ಕಾನ್. ಎಲೆಕ್ಟ್ರಿಷಿಯನ್ ಬಂದು ಯಂತ್ರಕ್ಕೇ ಪ್ರತ್ಯೇಕ ತಂತಿ ಎಳೆದ, ಅರ್ಥಿಂಗ್ ಕೊಟ್ಟ. ಹೊರಗಿನ ಪೆಟ್ಟಿಗೆಯನ್ನು ಹಿಮ ಮುಚ್ಚದಷ್ಟು ಎತ್ತರಕ್ಕೆ ಗೋಡೆಗೆ ಬಿಗಿದ.

ಗುಂಡಿ ಒತ್ತಿದರು. ಬಿಸಿಗಾಳಿ ಬಂತು. ತೆಮಿರ್ಕುಲ್ ಅದರ ಕೆಳಗೆ ಟೋಪಿ ತೆಗೆದು ನಿಂತು, ಮಗನಿಗೆ ಹೇಳಿದರು. "ನಿಮ್ಮಮ್ಮನ್ನ ಕರ್ಕೊಂಡ್ ಬಾ."

ಸೈರಾಕಾನ್ ಬರುವ ದಿನ ಹೊರಗೆ ಕೊರೆಯುವ ಚಳಿ. ಮಧ್ಯಾಹ್ನ ತೆಮಿರ್ಕುಲ್ ಅಂಗಳಕ್ಕೆ ಹೋಗಿ ನೋಡಿದರೆ ಹೊರಗಿನ ಪೆಟ್ಟಿಗೆಯ ಮೇಲೆ ಮಂಜು ಹರಳು ಕಟ್ಟಿತ್ತು. ನೋಡುತ್ತಿದ್ದಂತೆಯೇ ಅದು ಗುರ್ ಎಂದು ಬಿಳಿ ಆವಿ ಬಿಟ್ಟಿತು. ಅವರು 'ಅಯ್ಯೋ, ಚಳಿ ಹಿಡಿದಿದೆ ಇದಕ್ಕೆ' ಎಂದುಕೊಂಡು ಒಳಗೋಡಿ ಕೈಗೆ ಸಿಕ್ಕಿದ ದಪ್ಪ ಉಣ್ಣೆಯ ಹಾಸು ತಂದು, ಕರುವಿಗೆ ಹೊದಿಸುವಂತೆ ಪೆಟ್ಟಿಗೆಗೆ ಸುತ್ತಿ ಹಗ್ಗ ಕಟ್ಟಿದರು.

ಸಂಜೆಗೆ ಕೋಣೆ ತಣ್ಣಗಾಯಿತು. ಯಂತ್ರ ಕೆಂಪು ದೀಪ ಮಿಣುಕಿಸಿ ನಿಂತಿತು.

"ನಾನು ಹೇಳ್ಲಿಲ್ವಾ!" ತೆಮಿರ್ಕುಲ್ ಒಲೆಯ ಮುಂದೆ ಕುಸಿದರು. "ಈ ಚಳೀಗೆ ಅವಳನ್ನ ಕರೆಸಿಬಿಟ್ನಲ್ಲ. ಐಜಿರೆಕ್, ಕಲ್ಲಿದ್ದಲು ತಾ. ಇಲ್ಲ, ಬೇಡ, ಹೊಗೆ ಆಗುತ್ತೆ. ಏನ್ಮಾಡ್ಲಿ ನಾನೀಗ?"

ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದು. ಹಿಂದೆಯೇ ಸೈರಾಕಾನ್ ದನಿ.

"ಏನ್ರೀ ಮುದುಕಪ್ಪ! ನನ್ನ ಹೊಸ ಶಿರ್ದಕ್ಕನ್ನ ಯಾರಿಗೆ ಹೊದಿಸಿದ್ದೀರಿ?"

ಬೇಲಿಯಾಚೆಯಿಂದ ಊಲ್ಕಾನ್ ಓಡಿ ಬಂದರು. ಹೊದಿಕೆ ಕಂಡು ಸೊಂಟ ಹಿಡಿದುಕೊಂಡು ನಕ್ಕರು. "ಅದು ಗಾಳಿ ಎಳ್ಕೊಂಡ್ರೆ ತಾನೇ ಶಾಖ ತರೋದು! ಮೂಗು ಬಾಯಿ ಕಟ್ಟಿ ಓಡು ಅಂದ್ರೆ ಓಡುತ್ತೇನೋ? ಆವಿ ಬಿಟ್ಟಿದ್ದು ರೋಗ ಅಲ್ಲ ಕಣೋ, ಮೈಮೇಲಿನ ಮಂಜು ತಾನೇ ಕರಗಿಸ್ಕೊಳ್ಳುತ್ತೆ ಅದು."

ಹಗ್ಗ ಬಿಚ್ಚಿದರು. ಯಂತ್ರವನ್ನು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಚ್ಚಿದರು. ಸೈರಾಕಾನ್ ಕೋಟು ಕಳಚುವಷ್ಟರಲ್ಲಿ ಬಿಸಿಗಾಳಿ ಮತ್ತೆ ಬರತೊಡಗಿತು. ಅವರು ಕೋಣೆಯ ನಡುವೆ ನಿಂತು ಹುಷಾರಾಗಿ ಒಂದು ಉಸಿರು ಒಳಗೆಳೆದುಕೊಂಡರು, ಆಮೇಲೆ ಇನ್ನೊಂದು ದೀರ್ಘವಾಗಿ. ಕೆಮ್ಮು ಬರಲಿಲ್ಲ. ತೆಮಿರ್ಕುಲ್ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಯಾರೂ ನೋಡಲಿಲ್ಲವೆಂದು ಅವರ ನಂಬಿಕೆ.

ಆ ಚಳಿಗಾಲವನ್ನು ಸೈರಾಕಾನ್ ತಮ್ಮ ಮನೆಯಲ್ಲೇ ಕಳೆದರು. ಒಲೆಯನ್ನು ಮನೆಯವರು ಒಡೆಸಲಿಲ್ಲ. ಕರೆಂಟು ಹೋದ ದಿನಕ್ಕಿರಲಿ ಎಂದು ಹೊಗೆಗೂಡು ಗುಡಿಸಿ, ವಿಷಗಾಳಿ ಬಂದರೆ ಕೂಗುವ ಒಂದು ಪುಟ್ಟ ಗಂಟೆ ಯಂತ್ರವನ್ನು ಪಕ್ಕದಲ್ಲಿ ತೂಗುಹಾಕಿದರು. ಜುಲೈ ಬಂದು ತಗಡಿನ ಸೂರು ಕಾದಾಗ ಅದೇ ಯಂತ್ರ ತಂಪು ಊದಿತು. ಅಟ್ಟದ ಉಣ್ಣೆ ಬಿಸಿಲನ್ನೂ ತಡೆಯಿತು. ನಡುಮಧ್ಯಾಹ್ನವೂ ಕೂತು ಹೊಲಿಯುವ ಸೈರಾಕಾನ್ ಸುತ್ತ ನೆರೆಯ ಹೆಂಗಸರು ನೆರೆಯತೊಡಗಿದರು. ತೆಮಿರ್ಕುಲ್ ಆಗಾಗ ಸ್ಟೂಲು ಹತ್ತಿ ಯಂತ್ರದ ಜಾಲರಿ ತೊಳೆದು ಒಣಗಿಸುತ್ತಾರೆ. ಬಂದವರಿಗೆಲ್ಲ ಫ್ರಿಜ್ ಹಿಂದೆ ಕೈ ಇಡಿಸುತ್ತಾರೆ, ಅದನ್ನು ತಾವೇ ಕಂಡುಹಿಡಿದವರಂತೆ. ಊಲ್ಕಾನ್ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಾರೆ.

ಇದನ್ನು ಓದುವ, ಕೇಳುವ ನೆರೆಹೊರೆಯವರೇ, ಅಕ್ಕಂದಿರೇ, ಅಣ್ಣಂದಿರೇ! ಯಂತ್ರಕ್ಕೆ ದುಡ್ಡು ಕೂಡಿಲ್ಲವೆಂದು ಸುಮ್ಮನೆ ಕೂರಬೇಡಿ. ಹೊಗೆಯಾಡುವ ಒಂದು ಕಡ್ಡಿ ಹಿಡಿದು ಮನೆಯ ಸಂದುಗಳನ್ನು ಇವತ್ತೇ ಹುಡುಕಿ ಮುಚ್ಚಿ. ಒಲೆಯ ಹೊಗೆಗೂಡನ್ನು ಮಾತ್ರ ಎಂದೂ ಮುಚ್ಚಬೇಡಿ. ಅಟ್ಟಕ್ಕೆ ಹೊದಿಕೆ ಹಾಕಿ. ಕೊಳ್ಳುವ ದಿನ ಕೋಣೆಯ ಅಳತೆ ಜೇಬಿನಲ್ಲಿರಲಿ. ಇನ್ವರ್ಟರ್ ಹೌದೇ, ನಮ್ಮ ಚಳಿಗೆ ತಡೆಯುತ್ತದೆಯೇ, ಕರೆಂಟು ಎಷ್ಟು ತಿನ್ನುತ್ತದೆ ಎಂದು ಕೇಳಿ, ಉತ್ತರವನ್ನು ಡಬ್ಬದ ಮೇಲೆ ಓದಿ. ತಂತಿ ಎಳೆಯಲು ಬಲ್ಲವರನ್ನೇ ಕರೆಯಿರಿ. ಹೊರಗಿನ ಪೆಟ್ಟಿಗೆಗೆ ದಯವಿಟ್ಟು ಏನನ್ನೂ ಹೊದಿಸಬೇಡಿ.

ಹೊಗೆ ದಟ್ಟವಾದ ಸಂಜೆ ಮೊದಲು ಕೆಮ್ಮುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಿಮ್ಮ ಮನೆಯಲ್ಲಿ ಅವರು ಯಾರೆಂದು ನಿಮಗೆ ಗೊತ್ತು. ಹಿಮ ಬೀಳುವ ಮೊದಲೇ ಅವರಿಗಾಗಿ ಒಂದು ಕೋಣೆಯನ್ನು ಬೆಚ್ಚಗೆ ಮಾಡಿಡಿ.