ಸಂಬಳದ ಹೊಟ್ಟೆನೋವು

ವಯಸ್ಸು ಮೂವತ್ತು ದಾಟಿದರೂ ಅಕ್ಕನ ಬಾಯಲ್ಲಿ ಅವಳಿನ್ನೂ ಪುಟ್ಟಿ. ನಾವೂ ಪುಟ್ಟಿ ಎಂದೇ ಕರೆಯೋಣ, ಕೆಲಸದ ಹೆಸರು ಹಿಡಿದು ಕರೆಯುವುದಕ್ಕಿಂತ ಅದು ವಾಸಿ. ಏಕೆಂದರೆ ಅವಳ ಕೆಲಸದ ಹೆಸರು ರೋಗಿ.

ತಮಾಷೆ ಮಾಡುತ್ತಿಲ್ಲ. ಆ ಸಣ್ಣ ಊರಿನಲ್ಲಿ ಇದ್ದದ್ದೆಲ್ಲ ಒಂದು ವಿಶ್ವವಿದ್ಯಾಲಯ, ಅದನ್ನೇ ನಂಬಿಕೊಂಡ ಜೆರಾಕ್ಸ್ ಅಂಗಡಿಗಳು, ಹಾಸ್ಟೆಲುಗಳು ಮತ್ತು ರಜೆ ಬಂದರೆ ಬಿಕೋ ಎನ್ನುವ ಒಂದು ಮುಖ್ಯ ರಸ್ತೆ. ಡಾಕ್ಟರಾಗಲಿರುವ ಮಕ್ಕಳು ನಿಜವಾದ ರೋಗಿಗಳ ಮೈಮೇಲೆ ಕೈಯಿಡುವ ಮೊದಲು ಅಭ್ಯಾಸ ಮಾಡಿಕೊಳ್ಳಲಿ ಎಂದು ಅಲ್ಲಿನ ವೈದ್ಯಕೀಯ ವಿಭಾಗದವರು ಆರೋಗ್ಯವಂತರಾದ ಕೆಲವರನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದರು. ಅವರಿಗೆ ಮಾದರಿ ರೋಗಿ ಎಂದು ಹೆಸರು. ಇವತ್ತು ತಲೆನೋವು, ನಾಳೆ ಮಂಡಿನೋವು. ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ, ಮಂಚದ ಮೇಲೆ ಮಲಗಿ, ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ನರಳಬೇಕು. ಇಡೀ ವಿಶ್ವವಿದ್ಯಾಲಯದಲ್ಲಿ ಇದಕ್ಕಿಂತ ಕೆಳಗಿನ ನೌಕರಿ ಇರಲಿಲ್ಲ. ಬಾಡಿಗೆಗೆ ರೂಮು ಕೇಳಲು ಹೋದ ದಿನ ಮನೆಯ ಓನರಮ್ಮ ಏನು ಕೆಲಸವೆಂದು ವಿಚಾರಿಸಿ, ಉತ್ತರ ಕೇಳಿದ್ದೇ ಹಿಂದಕ್ಕೆ ಸರಿದು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು.

ಆದರೂ ರೂಮು ಸಿಕ್ಕಿತು. ಒಂದು ಮಂಚ, ಒಂದು ಕಿಟಕಿ, ಗೋಡೆಗೊಂದು ಮೊಳೆ. ಎಲ್ಲಕ್ಕಿಂತ ಹೆಚ್ಚಾಗಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು. ಅಮ್ಮ ಹೋದಮೇಲೆ ಪುಟ್ಟಿ ಅಕ್ಕನ ಮನೆಯ ಹಾಲ್‌ನಲ್ಲಿ ಸೋಫಾದ ಹಿಂದೆ ಹಾಸಿಗೆ ಬಿಡಿಸಿಕೊಂಡು ವರ್ಷಗಳನ್ನು ಕಳೆದಿದ್ದಳು. ಭಾವ ಟಿವಿ ಆರಿಸಿದ ಮೇಲೆ ಅವಳಿಗೆ ನಿದ್ದೆ, ಭಾವ ಎದ್ದು ಓಡಾಡುವ ಮೊದಲೇ ಅವಳಿಗೆ ಬೆಳಗು. ಭಾವ ಕೆಟ್ಟವನಲ್ಲ, ಜೋರು ಮಾಡಿದವನೂ ಅಲ್ಲ. ಊಟಕ್ಕೆ ಕೂತಾಗ ಮಾತ್ರ, ಪಲ್ಯ ಮುಂದಕ್ಕೆ ತಳ್ಳುತ್ತಾ, ಮುಂದೇನು ಮಾಡ್ಬೇಕು ಅಂತಿದ್ದೀಯ ಎಂದು ಕೇಳುತ್ತಿದ್ದ. ಹಂಗಿನ ಊಟ ಮೈಗೆ ಹತ್ತುವುದಿಲ್ಲ ಎಂಬುದು ಅವಳ ಸಣಕಲು ಮೈ ನೋಡಿದರೇ ತಿಳಿಯುತ್ತಿತ್ತು. ಹೊಸ ರೂಮಿನ ಮೊದಲ ವಾರ ಅವಳು ಸುಮ್ಮಸುಮ್ಮನೆ ಎದ್ದು ಚಿಲಕ ಹಾಕುವುದು, ತೆಗೆಯುವುದು ಮಾಡಿ ಖುಷಿಪಟ್ಟಳು. ಈ ಬಾಗಿಲನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬಾರದು ಎಂದು ಆಗಲೇ ನಿರ್ಧರಿಸಿದ್ದಳು.

ಬಿಟ್ಟುಕೊಡಬೇಕಾದ ಕಾರಣವೊಂದು ಅವಳ ಎದೆಯೊಳಗೇ ಇತ್ತು. ರೋಗಿಯ ಕೆಲಸಕ್ಕೆ ಇದ್ದದ್ದು ಒಂದೇ ಷರತ್ತು: ಯಾವ ರೋಗವೂ ಇರಬಾರದು. ಪುಟ್ಟಿಯ ಹೃದಯದಲ್ಲಿ ಹುಟ್ಟಿನಿಂದಲೂ ಒಂದು ಕವಾಟ ಸರಿಯಾಗಿ ಮುಚ್ಚುತ್ತಿರಲಿಲ್ಲ. ಚಿಕ್ಕವಳಿದ್ದಾಗ ಡಾಕ್ಟರೊಬ್ಬರು ಕಿವಿಗೆ ಕೊಳವೆ ಹಚ್ಚಿ ಕೇಳಿ, ಬಡಿತದ ನಡುವೆ ಗಾಳಿ ಊದಿದಂಥ ಸದ್ದಿದೆ, ಆಗಾಗ ತೋರಿಸ್ತಾ ಇರಿ ಎಂದಿದ್ದರು. ಅಮ್ಮ ಮಾಡಿದ್ದು ಒಂದೇ, ಮಗಳ ಬಾಯಿಗೆ ಬೀಗ ಹಾಕಿದ್ದು. ಗೊತ್ತಾದರೆ ಗಂಡು ಸಿಗುವುದಿಲ್ಲ ಎಂದು ಅವಳ ಭಯ. ಗೊತ್ತಾಗಲೂ ಇಲ್ಲ, ಗಂಡು ಸಿಗಲೂ ಇಲ್ಲ, ಬೀಗ ಮಾತ್ರ ಹಾಗೇ ಉಳಿಯಿತು. ಕೆಲಸಕ್ಕೆ ಸೇರುವಾಗ ಪರಿಚಯದ ಡಾಕ್ಟರು ಕ್ಲಿನಿಕ್ಕಿನ ಗದ್ದಲದಲ್ಲಿ ಮುಖ ನೋಡಿಯೇ ಆರೋಗ್ಯದ ಸರ್ಟಿಫಿಕೇಟಿಗೆ ಸಹಿ ಹಾಕಿದರು, ಪುಟ್ಟಿಯೂ ಏನೂ ಹೇಳಲಿಲ್ಲ. ಅಕ್ಕನೂ ಫೋನಿನಲ್ಲಿ, ಕೆಲಸ ಪರ್ಮನೆಂಟ್ ಆಗೋವರೆಗೆ ಬಾಯಿ ಬಿಡಬೇಡ ಕಣೇ, ಎಂದು ಗೋಗರೆದಿದ್ದಳು.

ಹೃದಯ, ಉಸಿರು ಎಂದು ಎದೆಗೆ ಸಂಬಂಧಪಟ್ಟ ಪಾಠ ಬಂದಾಗಲೆಲ್ಲ ಪುಟ್ಟಿ ಉಪಾಯವಾಗಿ ಜಾರಿಕೊಳ್ಳುತ್ತಿದ್ದಳು. ಜೊತೆಯ ಮಾದರಿ ರೋಗಿಯೊಬ್ಬ ನಿವೃತ್ತ ಬಸ್ ಕಂಡಕ್ಟರ್. ಎಲ್ಲರಿಗೂ ಕಂಡಕ್ಟರ್ ಮಾಮ. ಎದೆನೋವು ಬಂತೆಂದರೆ ಸ್ಟಾಪ್ ಬರುವ ಮೊದಲೇ ಸೀಟಿ ಊದುವವನ ಹಾಗೆ ಕೂಗಿಕೊಳ್ಳುವ ಹುಮ್ಮಸ್ಸು ಅವನದು. ಎದೆಯ ಪಾತ್ರಗಳನ್ನೆಲ್ಲ ಅವನಿಗೆ ದಾನ ಮಾಡಿ, ಹೊಟ್ಟೆ, ಸೊಂಟ, ಮಂಡಿಗಳನ್ನು ಪುಟ್ಟಿ ಇಟ್ಟುಕೊಂಡಳು. ಮೆಟ್ಟಿಲು ಹತ್ತುವಾಗ ಉಸಿರು ಸಿಕ್ಕಿಹಾಕಿಕೊಂಡರೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ನಿಲ್ಲುತ್ತಿದ್ದಳು.

ಹೀಗೆ ವಾರ್ಷಿಕ ಪರೀಕ್ಷೆ ಬಂತು. ಇದೊಂದು ಸುಸೂತ್ರವಾಗಿ ಮುಗಿದರೆ ಕೆಲಸ ಕಾಯಂ ಎಂದು ವಿಭಾಗದ ಮುಖ್ಯಸ್ಥೆ ಹೇಳಿದ್ದರು. ಪುಟ್ಟಿಗೆ ಕೊಟ್ಟದ್ದು ಬಲಗಡೆಯ ಹೊಟ್ಟೆನೋವು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬರುತ್ತಾರೆ, ಪರೀಕ್ಷಿಸುತ್ತಾರೆ, ಕಂಡದ್ದನ್ನು ಹೇಳುತ್ತಾರೆ, ಗಂಟೆ ಹೊಡೆದರೆ ಹೋಗುತ್ತಾರೆ. ಮೂಲೆಯ ಕುರ್ಚಿಯಲ್ಲಿ ಬೇರೆ ಊರಿನಿಂದ ಬಂದ ಪರೀಕ್ಷಕರು ಅಂಕ ಹಾಕುತ್ತಾರೆ. ಅವರು ರೋಗಿಯನ್ನು ಮುಟ್ಟುವಂತಿಲ್ಲ. ಇರುವ ಲಕ್ಷಣ ಬಿಟ್ಟರೆ ಅಂಕ ಕಡಿಮೆ, ಇಲ್ಲದ ಲಕ್ಷಣ ಹುಟ್ಟಿಸಿದರೆ ನೇರ ಫೇಲು.

ಬೆಳಗಿನಿಂದ ಬಂದವರೆಲ್ಲ ಹೊಟ್ಟೆನೋವು ಎಂದೊಡನೆ ಹೊಟ್ಟೆಗೇ ಕೈಹಾಕಿದರು. ಎದೆಯ ಮೇಲೆ ಸ್ಟೆತಸ್ಕೋಪನ್ನು ಶಾಸ್ತ್ರಕ್ಕೆ ಇಟ್ಟು ತೆಗೆದರು. ಪುಟ್ಟಿಯ ಹೆದರಿಕೆ ನಿಧಾನವಾಗಿ ಇಳಿಯತೊಡಗಿತ್ತು. ಆಗ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಬಂದಳು.

ಅವಳು ಹೊಟ್ಟೆ ನೋಡಿದಳು, ಸರಿಯಾಗಿಯೇ ಹೇಳಿದಳು. ಆಮೇಲೆ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟಳು. ತೆಗೆಯಲೇ ಇಲ್ಲ. ಸ್ವಲ್ಪ ಕೆಳಗೆ ಸರಿಸಿದಳು, ಎಡಕ್ಕೆ ಸರಿಸಿದಳು, ಕಣ್ಣು ಮುಚ್ಚಿದಳು. ಪುಟ್ಟಿ ಒಳಗೊಳಗೇ ಹೃದಯವನ್ನು ಗದರಿಸಿದಳು. ಸುಮ್ಮನಿರು ಎಂದರೆ ಸುಮ್ಮನಿರುವ ಅಂಗವೇ ಅದು? ಹೆದರಿದಷ್ಟೂ ಇನ್ನೂ ಜೋರಾಗಿ ಬಡಿಯಿತು. ಹುಡುಗಿ ಕಣ್ಣು ತೆರೆದು ಕೇಳಿದಳು, “ನಿಮ್ಮ ಹೃದಯದಲ್ಲಿ ಸದ್ದಿದೆ ಅಂತ ಯಾರಾದ್ರೂ ಮೊದಲು ಹೇಳಿದ್ರಾ?”

ಹಳೆಯ ಕಾಯಿಲೆಯ ಪ್ರಶ್ನೆಗೆ ಬಾಯಿಪಾಠದ ಉತ್ತರ ಸಿದ್ಧವಿತ್ತು. ಪುಟ್ಟಿ ಅದನ್ನೇ ಒಪ್ಪಿಸಿದಳು. “ಇಲ್ಲ. ನಂಗೆ ಯಾವ ಕಾಯಿಲೇನೂ ಇಲ್ಲ.”

ಹುಡುಗಿ ಪರೀಕ್ಷಕರ ಕಡೆ ತಿರುಗಿ, ಹೃದಯದ ಬಡಿತದ ನಡುವೆ ಸದ್ದು ಕೇಳುತ್ತಿದೆ ಎಂದಳು. ಅವರು ಪೆನ್ನು ಎತ್ತಿ, ಖಚಿತವೇ ಎಂದು ಕೇಳಿದರು. ಹುಡುಗಿ ಪುಟ್ಟಿಯ ಮುಖ ನೋಡಿದಳು. ಪುಟ್ಟಿ ಸೂರಿನ ಫ್ಯಾನು ನೋಡಿದಳು. ಖಚಿತ ಎಂದು ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು, ಪರೀಕ್ಷಕರು ಅವಳ ಹಾಳೆಯ ಮೇಲೆ ಫೇಲೆಂದು ಒಂದು ಗೆರೆ ಎಳೆದರು, ಗಂಟೆ ಹೊಡೆಯಿತು.

ಮಧ್ಯಾಹ್ನ ಪರೀಕ್ಷೆ ಮುಗಿಯಿತು. ಪುಟ್ಟಿ ತನ್ನಷ್ಟಕ್ಕೆ ತಾನೇ ಸಮಾಧಾನ ಹೇಳಿಕೊಂಡಳು. ನಾನು ಹೇಳಿದ್ದು ಪಾಠದಲ್ಲಿ ಇದ್ದದ್ದು. ಅದಕ್ಕೇ ಸಂಬಳ. ಆ ಹುಡುಗಿ ದೊಡ್ಡ ಮನೆಯ ಮಗಳೇ ಇರಬೇಕು, ಇನ್ನೊಂದು ಸಲ ಬರೆದರಾಯಿತು. ಇಷ್ಟೆಲ್ಲ ಹೇಳಿಕೊಂಡರೂ ಹೊಟ್ಟೆಯೊಳಗೆ ಏನೋ ಹಿಂಡುತ್ತಿತ್ತು, ಈ ಸಲ ನಟನೆಯಲ್ಲ. ಮಂಚದ ಹೊದಿಕೆ ಮಡಿಸುತ್ತಿದ್ದಾಗ ಬಾಗಿಲಲ್ಲಿ ಅದೇ ಹುಡುಗಿ ಬಂದು ನಿಂತಳು. ಅತ್ತು ಮುಖ ತೊಳೆದುಕೊಂಡು ಬಂದಿದ್ದಳು. ಜಗಳಕ್ಕೆ ಬಂದಿದ್ದಾಳೆಂದು ಪುಟ್ಟಿ ಸೆಟೆದು ನಿಂತಳು.

“ದೂರು ಕೊಡೋಕೆ ಬಂದಿಲ್ಲ ಅಕ್ಕ,” ಎಂದಳು ಹುಡುಗಿ. “ಹೋದ ವರ್ಷ ರೆಕಾರ್ಡಿಂಗಲ್ಲಿ ಇರೋ ಹೃದಯದ ಸದ್ದು ಕೇಳಿಸದೆ, ಅಂಕ ಸಾಲದೆ ಫೇಲಾದೆ. ಅವತ್ತಿಂದ ಸಿಕ್ಕಸಿಕ್ಕವರ ಎದೆ ಕೇಳಿ ಅಭ್ಯಾಸ ಮಾಡಿದ್ದೀನಿ. ಈಗ ಇಲ್ಲದ್ದು ಕೇಳಿಸ್ತಿದೆ ಅಂದ್ರೆ ನಾನು ಡಾಕ್ಟರಾಗೋದೇ ತಪ್ಪು. ಯಾರಿಗಾದ್ರೂ ಇಲ್ಲದ ರೋಗ ಹೇಳಿ ಕೊಂದುಹಾಕ್ತೀನಿ. ಸಾಯಂಕಾಲದ ಬಸ್ಸಿಗೆ ಊರಿಗೆ ಹೋಗ್ತಿದ್ದೀನಿ, ಓದೋದು ಬಿಡ್ತೀನಿ. ಹೋಗೋ ಮೊದಲು ಒಂದೇ ಒಂದು ಸಲ ಕೇಳ್ಲಾ?”

ಪುಟ್ಟಿಗೆ ಇಲ್ಲ ಎನ್ನುವುದು ಸುಲಭವಿತ್ತು. ಕೆಲಸ ಮುಗೀತಮ್ಮ, ಹೋಗು ಎಂದಿದ್ದರೆ ಮುಗಿಯುತ್ತಿತ್ತು. ಸೋಫಾದ ಹಿಂದಿನ ಹಾಸಿಗೆ ಕಣ್ಮುಂದೆ ಬಂತು, ಭಾವ ಪಲ್ಯ ಮುಂದಕ್ಕೆ ತಳ್ಳುವುದು ಬಂತು. ಈ ಹುಡುಗಿಯ ಮೇಲೆ ಸಿಟ್ಟೇ ಬಂತು, ಇಡೀ ಕಾಲೇಜಿನಲ್ಲಿ ಇವಳೊಬ್ಬಳಿಗೇ ಕಿವಿ ಇರಬೇಕೇ? ಆದರೆ ಆ ಕಿವಿಯನ್ನೇ ಅವಳು ನಂಬದ ಹಾಗೆ ಮಾಡಿದವಳು ತಾನು. ಪುಟ್ಟಿ ಮಂಚದ ಮೇಲೆ ಕೂತಳು.

“ಕೇಳೋದು ಬೇಡ. ನಿನ್ನ ಕಿವಿ ಸರಿಯಾಗಿದೆ. ಸದ್ದಿದೆ. ಹುಟ್ಟಿದಾಗಿನಿಂದ ಇದೆ.”

ಹುಡುಗಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಪುಟ್ಟಿಗೆ ಅಷ್ಟಕ್ಕೇ ಬಿಡುಗಡೆ ಸಿಗುತ್ತಿತ್ತೇನೋ. ಅಂಕಗಳನ್ನು ಲಕೋಟೆಗೆ ಹಾಕಿ ಅರಗು ಒತ್ತಿಬಿಟ್ಟರೆ ಆಮೇಲೆ ಬ್ರಹ್ಮ ಬಂದರೂ ತಿದ್ದಲಾಗದು ಎಂದು ಕಂಡಕ್ಟರ್ ಮಾಮ ಹೇಳಿದ್ದ. ಪುಟ್ಟಿ ಎದ್ದವಳೇ ಮಹಡಿಯ ಮೆಟ್ಟಿಲಿನ ಕಡೆ ನಡೆದಳು, ನಡೆದದ್ದು ಓಟವಾಯಿತು. ಈ ಸಲ ಚಪ್ಪಲಿ ಸರಿಮಾಡಿಕೊಳ್ಳಲು ನಿಲ್ಲಲಿಲ್ಲ. ಹುಡುಗಿ ಹಿಂದೆಯೇ ಬಂದಳು.

ಮೇಲಿನ ಕೋಣೆಯಲ್ಲಿ ಮುಖ್ಯಸ್ಥೆ, ಪರೀಕ್ಷಕರು ಟೀ ಕುಡಿಯುತ್ತಿದ್ದರು. ಮೇಜಿನ ಮೇಲೆ ಲಕೋಟೆ, ಉರಿಯುವ ಮೇಣದಬತ್ತಿ, ಅರಗಿನ ಕಡ್ಡಿ. ಪುಟ್ಟಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಾತಾಡಲು ಉಸಿರೇ ಸಾಲಲಿಲ್ಲ. ಹಣೆಯಿಂದ ಬೆವರು ಇಳಿಯುತ್ತಿತ್ತು. ಸದ್ದಿದೆ, ಆ ಹುಡುಗಿ ಹೇಳಿದ್ದು ನಿಜ, ನನಗೆ ರೋಗವಿದೆ ಎಂದು ತುಂಡುತುಂಡಾಗಿ ಹೇಳಿದಳು.

ಪರೀಕ್ಷಕರು ಲೋಟ ಕೆಳಗಿಟ್ಟು ಮನಸಾರೆ ನಕ್ಕರು. ಬೆಳಿಗ್ಗೆಯ ಹೊಟ್ಟೆನೋವಿಗಿಂತ ಇದು ಚೆನ್ನಾಗಿದೆ, ಬೆವರು ಹೇಗೆ ತರಿಸುತ್ತಾರಪ್ಪ ಎಂದು ಮುಖ್ಯಸ್ಥೆಯನ್ನು ಕೇಳಿದರು. ಮುಖ್ಯಸ್ಥೆ ನಗಲಿಲ್ಲ, ಆದರೆ ನಂಬಲೂ ಇಲ್ಲ. ಪರೀಕ್ಷೆಯಾದ ಮೇಲೆ ಮಕ್ಕಳ ಮೇಲೆ ಕನಿಕರ ಬರುವುದು ಸಹಜ, ಹಾಗೆಂದು ನಾಟಕ ಮಾಡಬಾರದು, ಕೆಳಗೆ ಹೋಗಿ ಎಂದರು. ಪರೀಕ್ಷಕರು ಅರಗಿನ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದರು.

ಇಷ್ಟು ದಿನ ಇಲ್ಲದ ನೋವನ್ನೆಲ್ಲ ಇವರು ಒಪ್ಪಿಕೊಂಡಿದ್ದರು, ಇದ್ದದ್ದನ್ನು ಹೇಳಿದರೆ ಚಪ್ಪಾಳೆ ತಟ್ಟುತ್ತಿದ್ದಾರೆ. ಪುಟ್ಟಿಗೆ ಅಳು ಬಂತು. ಅತ್ತರೆ ಅದಕ್ಕೂ ಶಭಾಷ್ ಎನ್ನುತ್ತಾರೆಂದು ನುಂಗಿಕೊಂಡಳು. ಮುಂದೆ ಹೋಗಿ, ಮೇಜಿನ ಮೇಲಿದ್ದ ಸ್ಟೆತಸ್ಕೋಪನ್ನು ಎತ್ತಿ ಮುಖ್ಯಸ್ಥೆಯ ಕೈಗೆ ಕೊಟ್ಟಳು.

“ನಾನು ಸುಳ್ಳು ಹೇಳಿ ಈ ಕೆಲಸಕ್ಕೆ ಸೇರಿದ್ದೀನಿ ಮೇಡಂ. ನನ್ನ ಮಾತು ನಂಬಬೇಡಿ. ಕೇಳಿ.”

ಮುಖ್ಯಸ್ಥೆ ಕಿವಿಗೆ ಹಚ್ಚಿಕೊಂಡರು. ಒಂದು ಕಡೆ ಇಟ್ಟರು, ಆಮೇಲೆ ಇನ್ನೊಂದು ಕಡೆ. ಫ್ಯಾನು ಆರಿಸಿ ಎಂದು ಕೈಸನ್ನೆ ಮಾಡಿದರು. ಅವರು ಸ್ಟೆತಸ್ಕೋಪ್ ತೆಗೆದು ಪರೀಕ್ಷಕರಿಗೆ ಕೊಟ್ಟರು. ಪರೀಕ್ಷಕರು ಬಗ್ಗಿ ಕೇಳಿದರು, ಅವರ ಮುಖದ ನಗೆ ಹೋಯಿತು. ಮೇಣದಬತ್ತಿ ಆರಿಸಿ, ಲಕೋಟೆಯಿಂದ ಹಾಳೆ ತೆಗೆದು, ತಾವೇ ಎಳೆದ ಗೆರೆಯನ್ನು ಹೊಡೆದುಹಾಕಿ ಅಂಕ ಬರೆದು ಸಹಿ ಮಾಡಿದರು. ಇಷ್ಟು ಸ್ಪಷ್ಟವಾದ ಸದ್ದು ಉಳಿದವರಿಗೆ ಹೇಗೆ ಕೇಳಿಸಲಿಲ್ಲವೆಂದು ಗೊಣಗಿದರು.

ಕೆಲಸದ ಮಾತು ಈಗ ಬರುತ್ತದೆಂದು ಪುಟ್ಟಿ ಕಾದು ನಿಂತಳು. ಬಂತು. ಈ ಕೆಲಸದಲ್ಲಿ ಇನ್ನು ನಿಮ್ಮನ್ನು ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಮುಖ್ಯಸ್ಥೆ ಕಡ್ಡಿ ಮುರಿದಂತೆ ಹೇಳಿದರು. ಆದರೆ ಹೇಳುತ್ತಾ ಕುರ್ಚಿ ಎಳೆದು ಅವಳನ್ನು ಕೂರಿಸಿದರು, ಬಗ್ಗಿ ಅವಳ ಕಾಲಿನ ಹರಡನ್ನು ಬೆರಳಿನಿಂದ ಒತ್ತಿ ನೋಡಿದರು. ಬೆರಳು ಊರಿದಲ್ಲಿ ಗುಳಿ ಹಾಗೇ ನಿಂತಿತು, ಹೃದಯ ಸೋಲುತ್ತಿರುವುದರಿಂದ ಕಾಲಿಗೆ ನೀರು ಇಳಿದಿತ್ತು. ಅವರ ದನಿ ಬದಲಾಯಿತು.

“ಮೆಟ್ಟಿಲು ಹತ್ತಿದ್ರೆ ಹೀಗೇ ಆಗುತ್ತಾ? ಮಲಗಿದ್ರೆ ಉಸಿರು ಕಟ್ಟುತ್ತಾ? ಎಷ್ಟು ದಿನದಿಂದ?”

ಪುಟ್ಟಿ ಬಾಯಿ ತೆರೆದಳು. ತಲೆನೋವಿಗೆ, ಮಂಡಿನೋವಿಗೆ, ಬಲಗಡೆಯ ಹೊಟ್ಟೆನೋವಿಗೆ ಅವಳ ಬಳಿ ಅರಳು ಹುರಿದಂತೆ ಉತ್ತರಗಳಿದ್ದವು. ಇದಕ್ಕೆ ಒಂದು ಮಾತೂ ಹೊರಡಲಿಲ್ಲ. ಇಷ್ಟು ದಿನ ಕೆಲಸ ಹೋದೀತು, ರೂಮು ಹೋದೀತು ಎಂದು ಹೆದರಿಕೊಂಡೇ ಕಳೆದವಳಿಗೆ, ಹೆದರಬೇಕಾದದ್ದು ಬೇರೆಯೇ ಇತ್ತು ಎಂದು ಆಗ ಹೊಳೆಯಿತು. ಕನ್ನಡಕದ ಹುಡುಗಿ ತನ್ನ ಅಂಕದ ಹಾಳೆಯ ಕಡೆ ನೋಡಿರಲೂ ಇಲ್ಲ. ಪುಟ್ಟಿಯ ಪಕ್ಕದಲ್ಲಿ ಮಂಡಿಯೂರಿ ಕೂತು, ಅವಳ ಮಣಿಕಟ್ಟು ಹಿಡಿದು, ತುಟಿಯೊಳಗೇ ನಾಡಿ ಎಣಿಸುತ್ತಿದ್ದಳು.