ಗೋಡೆ ಇಲ್ಲದ ಚಳಿ

ಉತ್ತರದ ಹಿಮದ ನಾಡಿಗೆ ಹೊರಡುವ ದಿನ ಹತ್ತಿರ ಬಂದಿತ್ತು. ನಮ್ಮ ಊಟದ ಮೇಜಿನ ಮೇಲೆ ಉಣ್ಣೆಯ ಕಾಲುಚೀಲ, ಕೈಗವಸು, ಕಿವಿ ಮುಚ್ಚುವ ಟೋಪಿಗಳು ಗುಡ್ಡೆ ಬಿದ್ದಿದ್ದವು. ಅಮ್ಮ ಮಾತ್ರ ಒಂದನ್ನೂ ಮುಟ್ಟಿರಲಿಲ್ಲ. ಟಿಕೆಟ್ ತೆಗೆಸಿದಾಗ ಹೂಂ ಅಂದವಳು, ಈಗ ಮಂಡಿನೋವು, ನೆಗಡಿ, ಮನೆ ಕಾಯುವವರಿಲ್ಲ ಎಂದು ದಿನಕ್ಕೊಂದು ರಾಗ ತೆಗೆಯುತ್ತಿದ್ದಳು. ನನಗೆ ರೇಗಿಹೋಗಿತ್ತು. ಅವಳು ಬಾರದಿದ್ದರೆ ನಾನು ಒಬ್ಬಳೇ ಹೋಗಿ ಮಾಡುವುದೇನು?

ಆ ನಾಡನ್ನು ನೋಡುವುದು ಅಪ್ಪನ ಆಸೆಯಾಗಿತ್ತು. ಅಪ್ಪ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಜೀವ ಸವೆಸಿದವನು. ಆ ದೇಶದಿಂದ ಬರುವ ಪೆಟ್ಟಿಗೆಗಳ ಮೇಲೊಂದು ಚಿತ್ರವಿರುತ್ತಿತ್ತು: ಕಪ್ಪು ಬಂಡೆ, ಹಿಮ, ಗಾಳಿಗೆ ಬೆನ್ನು ಕೊಟ್ಟು ನಿಂತ ಒಂಟಿ ಕುರಿ. ಅದನ್ನು ಕತ್ತರಿಸಿ ಕನ್ನಡಿಯ ಮೂಲೆಗೆ ಸಿಕ್ಕಿಸಿದ್ದ. "ನಾನು ನೋಡಿದ್ದೆಲ್ಲ ಗೋಡೆ ಒಳಗಿನ ಚಳಿ. ಗೋಡೆ ಇಲ್ಲದ ಚಳಿ ಹೇಗಿರುತ್ತೋ, ಒಂದ್ಸಲ ನೋಡ್ಬೇಕು" ಎಂದು ಗಡ್ಡ ಹೆರೆಯುವಾಗಲೆಲ್ಲ ಆ ಕುರಿಗೆ ಹೇಳುತ್ತಿದ್ದ.

ಸಂಜೆ ಬಂದವನೇ ತಣ್ಣನೆಯ ಅಂಗೈಗಳನ್ನು ನನ್ನ ಕೆನ್ನೆಗೆ ಒತ್ತುತ್ತಿದ್ದ. ನಾನು ಕಿರುಚಿ ಓಡಿ, ಮತ್ತೆ ಕೆನ್ನೆ ಕೊಡಲು ಬರುತ್ತಿದ್ದೆ. ಆ ಅಂಗೈಗಳು ನನಗೆ ಈಗಲೂ ಬೇಕು. ಕೋಲ್ಡ್ ಸ್ಟೋರೇಜಿನ ಕೆಲಸದಲ್ಲೊಂದು ಕಟ್ಟಳೆಯಿತ್ತು. ಒಬ್ಬ ಚಳಿಕೋಣೆಯ ಒಳಗಿದ್ದರೆ ಇನ್ನೊಬ್ಬ ಆಗಾಗ ಹೊರಗಿನಿಂದ ಬಾಗಿಲನ್ನು ಎರಡು ಸಲ ಬಡಿಯಬೇಕು. ಒಳಗಿನವನು ತಿರುಗಿ ಎರಡು ಸಲ ಬಡಿದರೆ ಕ್ಷೇಮ ಎಂದರ್ಥ. ಅಪ್ಪ ಆ ಚಾಳಿಯನ್ನು ಮನೆಗೂ ತಂದು ಅಡುಗೆಮನೆಯ ಗೋಡೆ ಬಡಿಯುತ್ತಿದ್ದ. ಅಮ್ಮ "ಸತ್ತಿಲ್ಲ, ಇದ್ದೀನಿ" ಎಂದು ಗೊಣಗುತ್ತಲೇ ಒಳಗಿನಿಂದ ಸೌಟಿನಲ್ಲಿ ಬಡಿಯುತ್ತಿದ್ದಳು. ಅವನು ಹೋದ ಮೇಲೆ ಆ ಗೋಡೆ ಸುಮ್ಮನಾಯಿತು.

ಹೊಸ ಬಟ್ಟೆ ಚಳಿ ತಡೆಯುತ್ತದೋ ಇಲ್ಲವೋ ಎಂದು ಬೇರೆಯವರಾದರೆ ಅಂಗಡಿಯವನನ್ನು ಕೇಳುತ್ತಾರೆ. ನಾನು ಕೋಲ್ಡ್ ಸ್ಟೋರೇಜಿಗೆ ಹೊರಟೆ. ಅಪ್ಪನ ಜೊತೆಗಾರ, ನಮ್ಮ ಬಾಯಲ್ಲಿ ಮೀಸೆ ಮಾವ, ಈಗ ಅಲ್ಲಿ ಮೇಸ್ತ್ರಿ. ಅಮ್ಮನೂ ಹಿಂದೆಯೇ ಬಂದದ್ದು ಸೋಜಿಗ. ಅಪ್ಪ ಎಷ್ಟು ಕರೆದರೂ, ಮೀನಿನ ನಾತ ಎಂದು ಮೂಗು ಮುರಿದು ಒಮ್ಮೆಯೂ ಆ ಕಡೆ ತಲೆ ಹಾಕದವಳು. ಚಳಿಕೋಣೆಯ ಬಾಗಿಲ ಬಳಿ ನಿಂತು ಚೀಲದಿಂದ ಅಪ್ಪನ ಹಳೆಯ ಕೋಟು ತೆಗೆದು ತೊಟ್ಟಳು. ಮೊದಲು ತಾನೇ ಹೋಗುತ್ತೇನೆಂದು ಹಟ ಹಿಡಿದಳು. ಕೋಟು ಮೊಣಕಾಲಿನವರೆಗೆ ಬರುತ್ತಿತ್ತು. ಅವಳು ಒಳಗೆ ಹೋದ ಮೇಲೆ ಮಾವ ಬಾಗಿಲೆಳೆದರು.

ಸ್ವಲ್ಪ ಹೊತ್ತು ಬಿಟ್ಟು ನಾನು ಎರಡು ಸಲ ಬಡಿದೆ. ಸದ್ದಿಲ್ಲ. ಮಾವ ಹಿಡಿಕೆಗೆ ಕೈ ಹಾಕಿದರು. ಆಗ ಒಳಗಿನಿಂದ ಎರಡು ಸಲ, ಅಡುಗೆಮನೆಯಲ್ಲಿ ಬಡಿಯುತ್ತಿದ್ದ ಹಾಗೆಯೇ, ಸದ್ದು ಬಂತು. ನಾನು ಅತ್ತುಬಿಟ್ಟೆ.

ಹೊರಗೆ ಬಂದ ಅಮ್ಮನ ಕಣ್ಣೂ ಒದ್ದೆಯಾಗಿತ್ತು. "ಇಷ್ಟೇನಾ ಇದು? ಅವರು ಕರೆದಾಗ ಒಂದ್ಸಲ ಬಂದು ನೋಡಿದ್ರೆ ನನ್ನ ಗಂಟೇನು ಹೋಗ್ತಿತ್ತು?" ಎಂದು ಮಾವನನ್ನು ಕೇಳಿದಳು.

ಆಮೇಲೆ ನನ್ನ ಹತ್ತಿರ ಬಂದು, ಎರಡೂ ಅಂಗೈಗಳನ್ನು ನನ್ನ ಕೆನ್ನೆಗೆ ಒತ್ತಿದಳು. ತಣ್ಣಗೆ ಕೊರೆಯುತ್ತಿದ್ದವು. ನಾನು ಕಿರುಚಲಿಲ್ಲ, ಓಡಲೂ ಇಲ್ಲ.

"ಕೋಟು ಇದೇ ಸಾಕು" ಎಂದಳು. "ಕೈಗವಸು ಮಾತ್ರ ನಂಗೆ ದಪ್ಪದ್ದು ತಗೋ."