ಕುದುರೆಗಳ ನಡುವೆ ರಾಣಿ

ಮಗಳ ಮದುವೆಯಲ್ಲಿ ಪಟ್ಟದ ಗೊಂಬೆಗಳನ್ನು ಕೈಗಿಡುವಾಗ ಜಲಜಮ್ಮ ಮಾತು ತೆಗೆದುಕೊಂಡಿದ್ದರು: ಯಾವ ದಸರೆಯಲ್ಲೂ ರಾಜ ರಾಣಿಯನ್ನು ಬೇರೆ ಮಾಡಕೂಡದು. "ಆಯ್ತಮ್ಮ, ಮಾಡಲ್ಲ," ಎಂದಿದ್ದಳು ಹರಿಪ್ರಿಯಾ. ಕ್ಯಾಲಿಫೋರ್ನಿಯಾದ ಗಿಲ್‌ರಾಯ್ ಊರಿನ ಮನೆಯಲ್ಲೂ ಆ ಮರದ ಜೋಡಿ ಮೇಲಿನ ಮೆಟ್ಟಿಲು ಬಿಟ್ಟು ಇಳಿದಿರಲಿಲ್ಲ.

ಈ ಸಲ ಹರಿಪ್ರಿಯಾ ಬಿಡುವಿಲ್ಲದೆ, ಗೊಂಬೆ ಕೂರಿಸುವ ಕೆಲಸವನ್ನು ಮಗಳು ಸಂಯುಕ್ತಾಗೆ ಒಪ್ಪಿಸಿದ್ದಳು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಿಂದ ಫ್ರೀವೇಯಲ್ಲಿ ತೆವಳಿಕೊಂಡು ಬಂದು ನೋಡಿದರೆ, ಮೇಲೆ ರಾಜ ಒಬ್ಬನೇ. ರಾಣಿ ಕೆಳಗಿನ ಮೆಟ್ಟಿಲಲ್ಲಿ, ಚನ್ನಪಟ್ಟಣದ ಕುದುರೆಗಳ ನಡುವೆ, ಚಾಕೊಲೇಟಿನ ಹೊಳೆಯುವ ಕಾಗದದ ಕಿರೀಟ ತೊಟ್ಟು ನಿಂತಿದ್ದಳು.

"ಏನೇ ಇದು?"

"ಥೀಮು ಅಮ್ಮಾ. ಏನ್ಷಿಯಂಟ್ ಚೈನಾದ ರಾಯಲ್ ವಿಮೆನ್. ಇವಳು ಪ್ರಿನ್ಸೆಸ್. ಯುದ್ಧ ಆಗ್ಬಾರ್ದು ಅಂತ ದೂರದ ಕುದುರೆ ಜನರ ಕಿಂಗ್‌ಗೆ ಮದುವೆ ಮಾಡಿ ಕಳಿಸ್ಬಿಟ್ರು. ಮುದುಕ! ಭಾಷೇನೂ ಬರಲ್ಲ."

"ಆಮೇಲೆ?"

"ಅವನ ಮೊಮ್ಮಗನ್ನ ಮದುವೆ ಆಗು ಅಂದ್ರು. ಬೇಡ ಅಂತ ಚೈನಾದ ಎಂಪರರ್‌ಗೆ ಹೇಳಿ ಕಳಿಸಿದ್ಲು. ಅಲ್ಲಿನ ಪದ್ಧತಿ ಥರಾನೇ ಇರು ಅಂದ. ಶೀ ಡೈಡ್ ದೇರ್."

ಹರಿಪ್ರಿಯಾ ಚೀಲ ಕೆಳಗಿಟ್ಟಳು. ಹೋದ ವರ್ಷ, ಸ್ವಲ್ಪ ದಿನ ಮೈಸೂರಿಗೆ ಬಂದಿರಲಾ ಎಂದು ಅಮ್ಮನನ್ನು ಕೇಳಿದ್ದಳು. ಹೊಂದಿಕೊಂಡು ಹೋಗೇ ಎಂದಿದ್ದರು ಅಮ್ಮ. ಅದಾದ ಮೇಲೆ ಗಂಡ ಸುಘೋಷ್ ಪಾಲೋ ಆಲ್ಟೋದಲ್ಲಿ ಬೇರೆ ಅಪಾರ್ಟ್‌ಮೆಂಟು ಹಿಡಿದ. ಆ ಸುದ್ದಿ ಇನ್ನೂ ಮೈಸೂರು ಮುಟ್ಟಿರಲಿಲ್ಲ.

ಫೋನು ಹೊಡೆದುಕೊಂಡಿತು. ಗೊಂಬೆ ನೋಡಲು ಅಮ್ಮನ ವಿಡಿಯೋ ಕಾಲು. ಹರಿಪ್ರಿಯಾ ಗಬಕ್ಕನೆ ರಾಣಿಯನ್ನು ಎತ್ತಿಕೊಂಡಳು.

"ಅಪ್ಪ ಮೀಟಿಂಗಲ್ಲಿದ್ದಾರೆ ಅಂತ ಈಗ್ಲೂ ನಾನೇ ಹೇಳ್ಬೇಕಾ?" ಎಂದಳು ಸಂಯುಕ್ತಾ. "ಐ ಹೇಟ್ ಇಟ್, ಅಮ್ಮಾ."

ರಾಣಿ ಹಿಡಿದ ಕೈ ಮೇಲಿನ ಮೆಟ್ಟಿಲ ಹತ್ತಿರ ಹೋಗಿ ನಿಂತಿತು. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಹರಿಪ್ರಿಯಾ ರಾಣಿಯನ್ನು ತಂದು ಮತ್ತೆ ಕುದುರೆಗಳ ನಡುವೆಯೇ ನಿಲ್ಲಿಸಿ, ಓರೆಯಾಗಿದ್ದ ಕಿರೀಟ ಸರಿಮಾಡಿ, ಫೋನೆತ್ತಿದಳು.

"ಅಯ್ಯೋ, ರಾಣೀನ ಲಾಯಕ್ಕೆ ಕಟ್ಟಿದ್ದೀರಲ್ಲೇ!" ಜಲಜಮ್ಮ ಕನ್ನಡಕ ಏರಿಸಿದರು. "ನಮ್ಮತ್ತೆ ಇದ್ದಿದ್ರೆ ನನ್ನನ್ನೂ ಪಕ್ಕಕ್ಕೇ ಕಟ್ಟಿರೋರು. ಮೊದ್ಲು ಮೇಲಿಡು. ಅಳಿಯಂದ್ರೆಲ್ಲಿ?"

"ಅವ್ರು ಇಲ್ಲಿಲ್ಲಮ್ಮ. ಯುಗಾದಿ ಆದ್ಮೇಲೆ ಬೇರೆ ಮನೆ ಮಾಡ್ಕೊಂಡಿದ್ದಾರೆ."

ಅತ್ತ ಕಡೆ ಕುಕ್ಕರು ಕೂಗಿತು. ಜಲಜಮ್ಮ ಅದನ್ನು ಆರಿಸಲು ಏಳಲಿಲ್ಲ.

"ರಾಣೀನಾದ್ರೂ ಮೇಲಿಡೇ," ಎಂದರು ಕೊನೆಗೆ. "ಮಾತು ಕೊಟ್ಟಿದ್ದೆ ನೀನು."

"ಕೊಟ್ಟಿದ್ದೆ, ಅಮ್ಮ."

ಆ ದಸರೆ ಮುಗಿಯುವವರೆಗೂ ರಾಜ ಮೇಲೆ, ರಾಣಿ ಕೆಳಗೆ ಇದ್ದರು. ಹರಿಪ್ರಿಯಾ ಕೊಟ್ಟ ಮಾತಿಗೆ ತಪ್ಪಿದಳು.